ಮದ್ದೂರು ಸೀಮೆಯ ಗೂಡಿಗೆ ಆಸ್ಪತ್ರೆಯ ದಾರಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋಗುವವರು ನೋಡಬಯಸುವುದು ಹೆಜ್ಜಾರ್ಲೆಗಳನ್ನು, ಬಣ್ಣದ ಕೊಕ್ಕರೆಗಳನ್ನು. ಊರ ನಡುವಿನ ಹುಣಸೆ ಮರಗಳಲ್ಲಿ ಅವು ಮರಿ ಮಾಡುವ ಕಾಲಕ್ಕೆ ದೂರದೂರದಿಂದ ಜನ ಬರುತ್ತಾರೆ. ಇದೇ ಮದ್ದೂರು ತಾಲ್ಲೂಕಿನಲ್ಲಿ, ಪಕ್ಕದ ಮಳವಳ್ಳಿಯಲ್ಲಿ, ಯಾರೂ ನೋಡಲು ಬಾರದ ಇನ್ನೊಂದು ಜೀವಿಯ ಮೇಲೆ ಸಾವಿರಾರು ಮನೆಗಳ ಬದುಕು ನಿಂತಿದೆ. ಕಡ್ಡಿ ತೋಟದಿಂದ ಸೊಪ್ಪು ಕಡಿದು ತಂದು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿಸಿ, ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಹಾಕಿ, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊರಡುವ ರೈತನಿಗೆ ಆ ದಿನದ ಹರಾಜೇ ಅಂತಿಮ ತೀರ್ಪು.

ಆ ತೀರ್ಪಿನ ಅಳತೆಗೋಲು ಒಂದೇ: ಗೂಡಿನಿಂದ ನೂಲು ಎಷ್ಟು ಚೆನ್ನಾಗಿ ಬಿಚ್ಚುತ್ತದೆ ಎಂಬುದು. ಸೀರೆಯ ಲೋಕಕ್ಕೆ ಇದು ಸರಿಯಾದ ಅಳತೆ. ಆದರೆ ಕಳೆದ ಮೂರು ದಶಕಗಳಲ್ಲಿ ರೇಷ್ಮೆ ಮಗ್ಗದ ಮನೆ ದಾಟಿ ಪ್ರಯೋಗಾಲಯಕ್ಕೆ, ಅಲ್ಲಿಂದ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗಿದೆ. ವಾಸಿಯಾಗದ ಗಾಯಕ್ಕೆ ಹೊದಿಕೆಯಾಗಿ, ಮೂಳೆಯ ಟೊಳ್ಳು ತುಂಬುವ ವಸ್ತುವಾಗಿ, ಹರಿದ ಕಿವಿತಮಟೆಗೆ ಪೊರೆಯಾಗಿ ಅದನ್ನು ರೂಪಿಸಲಾಗುತ್ತಿದೆ. ಗೂಡು ಬೆಳೆಯುವ ಸೀಮೆಗೆ ಮಾತ್ರ ಇದರಲ್ಲಿ ಇನ್ನೂ ಪಾಲು ಸಿಕ್ಕಿಲ್ಲ. ಆ ಪಾಲನ್ನು ಕೊಡಿಸುವ ಕೆಲಸ ಸರ್ಕಾರದ್ದು, ಮತ್ತು ಅದನ್ನು ಶುರು ಮಾಡಲು ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ರೇಷ್ಮೆಯ ಎಳೆಯಲ್ಲಿ ಇರುವುದು ಮುಖ್ಯವಾಗಿ ಎರಡು ಪ್ರೋಟೀನು. ಒಳಗಿನ ಗಟ್ಟಿ ನಾರು ಫೈಬ್ರೋಯಿನ್. ಅದರ ಸುತ್ತ ಅಂಟಿಕೊಂಡಿರುವ ಗೋಂದು ಸೆರಿಸಿನ್. ಎಳೆಯ ತೂಕದ ಮುಕ್ಕಾಲು ಪಾಲಿನಷ್ಟು ಫೈಬ್ರೋಯಿನ್, ಉಳಿದ ಬಹುಪಾಲು ಸೆರಿಸಿನ್. ಹುಳುವಿನ ರೇಷ್ಮೆ ಗ್ರಂಥಿಯಲ್ಲಿ ಇದು ಮಂದವಾದ ದ್ರವ. ಬಾಯಿಯ ಬಳಿಯ ಸಣ್ಣ ನಳಿಕೆಯಿಂದ ಹೊರಬರುವಾಗ, ಹುಳು ತಲೆಯನ್ನು ಅತ್ತಿತ್ತ ಆಡಿಸಿ ಎಳೆಯುವ ಸೆಳೆತಕ್ಕೆ ಸಿಕ್ಕಿ, ಪ್ರೋಟೀನಿನ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಗ್ಲೈಸೀನ್, ಅಲನೀನ್, ಸೆರೀನ್ ಎಂಬ ಚಿಕ್ಕ ಅಮೈನೊ ಆಮ್ಲಗಳು ಮತ್ತೆ ಮತ್ತೆ ಬರುವುದರಿಂದ ಆ ಜೋಡಣೆ ಸಂದಿಯಿಲ್ಲದಷ್ಟು ಬಿಗಿ. ರೇಷ್ಮೆಯ ಗಟ್ಟಿತನ ಬರುವುದು ಇಲ್ಲಿಂದ. ಇಷ್ಟು ಕೆಲಸ ನಡೆಯುವುದು ಕೋಣೆಯ ಉಷ್ಣತೆಯಲ್ಲಿ, ಬರೀ ನೀರಿನಲ್ಲಿ. ನೈಲಾನಿನಂಥ ದಾರ ಮಾಡಲು ಕಾರ್ಖಾನೆಗೆ ಬೇಕಾಗುವ ಬಿಸಿ, ಒತ್ತಡ ಯಾವುದೂ ಹುಳುವಿಗೆ ಬೇಡ.

ವೈದ್ಯರಿಗೆ ರೇಷ್ಮೆ ಹೊಸದಲ್ಲ. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ರಕ್ತನಾಳ ಕಟ್ಟಲು ರೇಷ್ಮೆ ದಾರವನ್ನು ಸೂಚಿಸಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಖರ್, ಆಮೇಲೆ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್, ಕುರಿಯ ಕರುಳಿನ ದಾರಕ್ಕಿಂತ ಸಣ್ಣ ರೇಷ್ಮೆ ದಾರವೇ ಮೇಲು ಎಂದು ಸಾಧಿಸಿದರು. ಹಾಲ್‌ಸ್ಟೆಡ್ 1913ರಲ್ಲಿ ಇದರ ಬಗ್ಗೆಯೇ ಬರೆದ ಪ್ರಬಂಧವನ್ನು ಶಸ್ತ್ರಚಿಕಿತ್ಸಕರು ಬಹುಕಾಲ ಓದಿದರು. ಕಪ್ಪು ಬಣ್ಣದ ಹೆಣೆದ ರೇಷ್ಮೆ ದಾರ ನಮ್ಮ ಆಸ್ಪತ್ರೆಗಳಲ್ಲಿ ಇವತ್ತಿಗೂ ಉಂಟು. ಹಲ್ಲಿನ ಡಾಕ್ಟರು ಒಸಡಿಗೆ ಹಾಕುವ ಹೊಲಿಗೆಯಲ್ಲಿ ಅದನ್ನು ಬಹಳ ಜನ ಕಂಡಿರುತ್ತಾರೆ. ಗಂಟು ಜಾರುವುದಿಲ್ಲ, ಕೈಗೆ ಮೃದು, ಬೆಲೆಯೂ ಹದ.

ಅದರ ಮಿತಿಯೂ ವೈದ್ಯರಿಗೆ ಗೊತ್ತಿದೆ. ಹೆಣೆದ ದಾರದ ಎಳೆಗಳ ನಡುವೆ ರೋಗಾಣು ಅಡಗಬಹುದು. ಸುತ್ತಲಿನ ಮಾಂಸ ಕೆಂಪೇರಿ ಊದಿಕೊಳ್ಳುವುದು ಬೇರೆ ಕೆಲವು ದಾರಗಳಿಗಿಂತ ಹೆಚ್ಚು. ಹಾಗಾಗಿ ನೈಲಾನ್, ಪಾಲಿಪ್ರೊಪಿಲೀನ್, ಕರಗುವ ಕೃತಕ ದಾರಗಳು ಬಂದ ಮೇಲೆ ರೇಷ್ಮೆ ದಾರ ಅನೇಕ ಕಡೆ ಹಿಂದೆ ಸರಿಯಿತು. ಆಗ ವಿಜ್ಞಾನಿಗಳು ಬೇರೆ ದಿಕ್ಕಿನಲ್ಲಿ ಯೋಚಿಸಿದರು. ರೇಷ್ಮೆಯನ್ನು ದಾರವಾಗಿಯೇ ಬಳಸಬೇಕೆಂದಿದೆಯೇ? ಕರಗಿಸಿ, ಬೇಕಾದ ಆಕಾರಕ್ಕೆ ಮತ್ತೆ ಕಟ್ಟಿಕೊಂಡರೆ ಹೇಗೆ?

ಅದರ ವಿಧಾನ ಈಗ ಲೋಕದ ಪ್ರಯೋಗಾಲಯಗಳಿಗೆಲ್ಲ ಗೊತ್ತಿರುವಂಥದ್ದು. ಕತ್ತರಿಸಿದ ಗೂಡನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆಯಷ್ಟು ಕುದಿಸಿದರೆ ಅಂಟು ಬಿಡುತ್ತದೆ. ಉಳಿದ ಹತ್ತಿಯಂಥ ನಾರನ್ನು ಲಿಥಿಯಂ ಬ್ರೋಮೈಡ್‌ನ ಗಾಢ ದ್ರಾವಣದಲ್ಲಿ 60 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಕರಗುತ್ತದೆ. ಸಣ್ಣ ರಂಧ್ರದ ಪೊರೆಯ ಚೀಲದಲ್ಲಿ ತುಂಬಿ ಶುದ್ಧ ನೀರಿನಲ್ಲಿ ಬಿಟ್ಟರೆ ಲವಣವೆಲ್ಲ ಹೊರಗೆ ಹೋಗಿ ತಿಳಿಯಾದ ಪ್ರೋಟೀನು ದ್ರಾವಣ ಉಳಿಯುತ್ತದೆ. ಅದನ್ನು ಹರಡಿ ಒಣಗಿಸಿದರೆ ಪಾರದರ್ಶಕ ಹಾಳೆ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು, ಹದ ನೋಡಿ ನಿಲ್ಲಿಸಿದರೆ ಜೆಲ್. ಬಿಗಿ ಜೋಡಣೆ ಎಷ್ಟಿರಬೇಕು ಎಂಬುದನ್ನು ಆವಿಯಿಂದಲೋ ಮದ್ಯಸಾರದಿಂದಲೋ ಹೊಂದಿಸಿ, ಆ ವಸ್ತು ದೇಹದಲ್ಲಿ ಬೇಗ ಕರಗಬೇಕೋ ವರ್ಷಗಟ್ಟಲೆ ನಿಲ್ಲಬೇಕೋ ಎಂದು ಮೊದಲೇ ತೀರ್ಮಾನಿಸಬಹುದು. ಕೊನೆಗೆ ದೇಹದ ಕಿಣ್ವಗಳು ಅದನ್ನು ಅಮೈನೊ ಆಮ್ಲಗಳಾಗಿ ಒಡೆಯುತ್ತವೆ. ಸಾಮಾನ್ಯ ಆಟೊಕ್ಲೇವಿನ 121 ಡಿಗ್ರಿ ಬಿಸಿಯನ್ನೂ ತಡೆಯುವುದು ಇದರ ಇನ್ನೊಂದು ಗುಣ. ಇಷ್ಟು ಗುಣಗಳು ಒಂದೇ ಕಡೆ ಕೂಡಿರುವ ಪ್ರೋಟೀನು ಅಪರೂಪ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ಯಾಪ್ಲನ್ ಅವರ ತಂಡ ಈ ದಾರಿಯನ್ನು ದೊಡ್ಡದು ಮಾಡಿತು. ಆಸ್ಟ್ರೇಲಿಯಾದ ಸಂಶೋಧಕರು ರೇಷ್ಮೆಯಿಂದ ಕಿವಿತಮಟೆಯ ಪೊರೆ ರೂಪಿಸಿದ್ದಾರೆ. ಭಾರತವೂ ಹಿಂದೆ ಬಿದ್ದಿಲ್ಲ. ಐಐಟಿ ಖರಗ್‌ಪುರದಲ್ಲಿ ಸುಭಾಸ್ ಕುಂಡು, ಐಐಟಿ ಗುವಾಹಟಿಯಲ್ಲಿ ಬಿಮನ್ ಮಂಡಲ್ ಅವರ ತಂಡಗಳು ಹಿಪ್ಪುನೇರಳೆ ರೇಷ್ಮೆಯ ಜೊತೆಗೆ ನಮ್ಮ ಟಸಾರ್, ಎರಿ, ಮುಗಾಗಳನ್ನೂ ಅಧ್ಯಯನ ಮಾಡಿವೆ. ಟಸಾರ್ ರೇಷ್ಮೆಯ ಪ್ರೋಟೀನಿನಲ್ಲಿ ಜೀವಕೋಶಗಳು ಹಿಡಿದು ನಿಲ್ಲಲು ಅನುಕೂಲವಾದ ಒಂದು ಸಣ್ಣ ಸರಣಿ ಸಹಜವಾಗಿಯೇ ಇದೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ಅದಿಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಿಂದ ಬೆಳೆದು ಬಂದ ಸೆರಿಜೆನ್ ಎಂಬ ಕಂಪನಿ ಮೂಳೆಯ ಟೊಳ್ಳು ತುಂಬುವ ರೇಷ್ಮೆ ವಸ್ತುವಿನ ಮೇಲೆ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲೇ ಫೈಬ್ರೋಹೀಲ್ ಎಂಬ ಕಂಪನಿ ರೇಷ್ಮೆ ಪ್ರೋಟೀನಿನಿಂದ ಗಾಯದ ಹೊದಿಕೆಗಳನ್ನು ತಯಾರಿಸುತ್ತಿದೆ.

ಅಂದರೆ ವಿಜ್ಞಾನ ಇದೆ, ಉದ್ಯಮ ಹುಟ್ಟಿದೆ, ಗೂಡು ಇಲ್ಲೇ ಬೆಳೆಯುತ್ತದೆ. ದೇಶದ ಕಚ್ಚಾ ರೇಷ್ಮೆ 2022–23ರಲ್ಲಿ 36,000 ಟನ್ ದಾಟಿತ್ತು. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಕರ್ನಾಟಕದ್ದು. ಕೇಂದ್ರ ರೇಷ್ಮೆ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ, ಕೊಡತಿಯಲ್ಲಿ ರೇಷ್ಮೆ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯ ಇವೆ. ಮದ್ದೂರಿನಿಂದ ಅನತಿ ದೂರದ ಕಣ್ವ ತೋಟದ ಹೆಸರಿನಲ್ಲೇ ಕಣ್ವ–2 ಎಂಬ ಹಿಪ್ಪುನೇರಳೆ ತಳಿ ದಕ್ಷಿಣ ಭಾರತದ ತುಂಬ ಹರಡಿತು. ಇಷ್ಟೆಲ್ಲ ಇದ್ದೂ ರೈತನ ಗೂಡಿಗೂ ಔಷಧ ತಯಾರಕನ ಬೇಡಿಕೆಗೂ ನಡುವೆ ನೇರವಾದ ದಾರಿಯೊಂದು ಇಲ್ಲ.

ಇಲ್ಲಿ ಒಂದು ಅಂಶವನ್ನು ರೇಷ್ಮೆ ಇಲಾಖೆ ಗಮನವಿಟ್ಟು ನೋಡಬೇಕು. ನೂಲು ತೆಗೆಯುವವನಿಗೆ ಎಳೆ ತುಂಡಾಗದೆ ಬಿಚ್ಚಬೇಕು. ದ್ವಿತಳಿ ಗೂಡಿನಲ್ಲಿ ಒಂದೇ ಎಳೆ 1,000 ಮೀಟರಿಗೂ ಉದ್ದ ಬರುತ್ತದೆ, ಅದಕ್ಕೇ ಬೆಲೆ. ತೂತು ಬಿದ್ದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಗಂಡು–ಹೆಣ್ಣು ಬೇರ್ಪಡಿಸಲು ಕತ್ತರಿಸಿದ ಗೂಡು, ಪತಂಗ ಕೊರೆದು ಹೊರಬಂದ ಗೂಡು, ಇವೆಲ್ಲ ಮಾರುಕಟ್ಟೆಯ ಕಣ್ಣಿನಲ್ಲಿ ಕಳಪೆ. ಆದರೆ ಪ್ರೋಟೀನನ್ನು ಕರಗಿಸಿ ಬಳಸುವವನಿಗೆ ಎಳೆಯ ಉದ್ದದಿಂದ ಆಗಬೇಕಾದ್ದು ಏನೂ ಇಲ್ಲ. ಹೇಗಿದ್ದರೂ ಅವನು ಗೂಡನ್ನು ಕತ್ತರಿಸಿಯೇ ಕುದಿಸುತ್ತಾನೆ. ಅವನಿಗೆ ಬೇಕಾದ್ದು ಶುದ್ಧತೆ, ಒಂದು ಲಾಟಿನಿಂದ ಇನ್ನೊಂದು ಲಾಟಿಗೆ ವ್ಯತ್ಯಾಸವಿಲ್ಲದ ಗುಣಮಟ್ಟ, ಎಲ್ಲಿ ಹೇಗೆ ಬೆಳೆದದ್ದು ಎಂಬ ದಾಖಲೆ. ಹರಾಜುಕಟ್ಟೆಯಲ್ಲಿ ಕೊನೆಯ ಬೆಲೆಗೆ ಹೋಗುವ ಗೂಡು ಬೇರೆ ಪರೀಕ್ಷೆಯಲ್ಲಿ ಮೊದಲ ದರ್ಜೆಗೆ ಬರಬಹುದು. ಇದನ್ನು ಪರೀಕ್ಷಿಸಿ ಹೇಳುವ ವ್ಯವಸ್ಥೆ ಇಂದು ಯಾವ ಗೂಡಿನ ಮಾರುಕಟ್ಟೆಯಲ್ಲೂ ಇಲ್ಲ.

ಲೆಕ್ಕವನ್ನೂ ನೋಡೋಣ. ಒಂದು ಕೆ.ಜಿ. ದ್ವಿತಳಿ ಹಸಿಗೂಡಿನಲ್ಲಿ ಚಿಪ್ಪಿನ ತೂಕ ಸುಮಾರು 200 ಗ್ರಾಂ, ಉಳಿದದ್ದು ಒಳಗಿನ ಕೋಶದ ತೂಕ. ಆ 200 ಗ್ರಾಮಿನಲ್ಲಿ ಹೆಚ್ಚುಕಡಿಮೆ 150 ಗ್ರಾಂ ಫೈಬ್ರೋಯಿನ್. ಗಾಯಕ್ಕೆ ಹಾಕುವ ಒಂದು ತೆಳು ಹಾಳೆಗೆ ಬೇಕಾಗುವುದು ಬಹಳ ಸ್ವಲ್ಪ. ಇದರಿಂದ ಎರಡು ಮಾತು ಸ್ಪಷ್ಟ. ಕಚ್ಚಾ ಪದಾರ್ಥಕ್ಕೆ ಸೀರೆಗಿಂತ ಎಷ್ಟೋ ಪಾಲು ಹೆಚ್ಚಿನ ಮೌಲ್ಯ ಇಲ್ಲಿ ಹುಟ್ಟಬಲ್ಲದು. ಹಾಗೆಯೇ, ರಾಜ್ಯದ ಗೂಡೆಲ್ಲವನ್ನೂ ಆಸ್ಪತ್ರೆ ಕೊಳ್ಳುವ ಕಾಲ ಬರುವುದಿಲ್ಲ. ರೇಷ್ಮೆ ಬೆಳೆಗಾರರೆಲ್ಲ ನಾಳೆಯಿಂದ ಔಷಧಕ್ಕೆ ಗೂಡು ಬೆಳೆಯಿರಿ ಎಂದು ಯಾರಾದರೂ ಹೇಳಿದರೆ ಅದು ಮೋಸದ ಮಾತು. ಕೆಲವು ನೂರು ಮನೆಗಳಿಗೆ ಹರಾಜಿನ ಏರಿಳಿತದಿಂದ ಹೊರಗೆ ನಿಂತ ಒಪ್ಪಂದದ ಬೆಲೆ ಸಿಕ್ಕಿದರೆ ಅದೇ ದೊಡ್ಡ ಲಾಭ.

ಆ ಏರಿಳಿತದ ನೋವು ಈ ಸೀಮೆಗೆ ಹೊಸದಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾದ ನೂಲು ಅಗ್ಗವಾಗಿ ಬಂದು ಇಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ದೂರದ ಯಾವುದೋ ತೀರ್ಮಾನಕ್ಕೆ ಹುಳು ಮನೆಯ ವರ್ಷದ ಲೆಕ್ಕ ತಲೆಕೆಳಗಾಗುವುದನ್ನು ಕಂಡವರಿಗೆ, ಗೂಡಿಗೆ ಎರಡನೆಯ ಗಿರಾಕಿ ಇರುವುದು ಎಷ್ಟು ಅಗತ್ಯ ಎಂದು ವಿವರಿಸಬೇಕಿಲ್ಲ.

ಗೂಡಿನಷ್ಟೇ ಮುಖ್ಯವಾದದ್ದು ಚೆಲ್ಲಿಹೋಗುವ ಅಂಟು. ನೂಲಿಗೆ ಬಣ್ಣ ಹಾಕುವ ಮೊದಲು ಸೋಪು, ಸೋಡಾ ಹಾಕಿ ಕುದಿಸಿ ಅಂಟು ತೆಗೆಯುತ್ತಾರೆ. ಎಳೆಯ ತೂಕದ ಕಾಲು ಭಾಗದಷ್ಟು ಸೆರಿಸಿನ್ ಆ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಪ್ರೋಟೀನು ತುಂಬಿದ ಆ ನೀರು ಕೊಳೆತು ನಾರುತ್ತದೆ, ಹಳ್ಳ ಕೆರೆಗಳ ಆಮ್ಲಜನಕ ಕಬಳಿಸುತ್ತದೆ. ಅದೇ ಸೆರಿಸಿನ್ ತೇವ ಹಿಡಿದಿಡುವ ಗುಣದಿಂದಾಗಿ ಚರ್ಮದ ಕ್ರೀಮುಗಳಲ್ಲಿ, ಗಾಯದ ಮುಲಾಮುಗಳಲ್ಲಿ ಬಳಕೆಯಾಗುತ್ತಿದೆ. ಸೋಪು ಬೆರೆತ ನೀರಿನಿಂದ ಅದನ್ನು ಔಷಧದ ಶುದ್ಧತೆಗೆ ತರುವುದು ಸುಲಭವಲ್ಲ, ನಿಜ. ಒತ್ತಡದ ಬಿಸಿನೀರಿನಲ್ಲಿ, ಸೋಪಿಲ್ಲದೆ, ಅಂಟು ತೆಗೆಯುವ ವಿಧಾನ ಇದೆ. ಅಂಥ ಒಂದು ಸಾಮೂಹಿಕ ಘಟಕವನ್ನು ರೇಷ್ಮೆ ಸೀಮೆಯಲ್ಲಿ ಸರ್ಕಾರ ನಿಲ್ಲಿಸಿದರೆ ಹೊಳೆಗೂ ಉಪಕಾರ, ನೂಲಿನವರಿಗೂ ಆದಾಯ.

ಹಳ್ಳಿಯ ಗೂಡು ಔಷಧದ ಶುದ್ಧತೆಗೆ ಏರುವುದೇ ಎಂದು ನಗರದ ಪರಿಣತರು ಅನುಮಾನಿಸುತ್ತಾರೆ. ಅವರು ಹುಳು ಮನೆಯೊಳಗೆ ಕಾಲಿಟ್ಟಿರಲಿಕ್ಕಿಲ್ಲ. ಹೊರಗಿನವರನ್ನು ಅಲ್ಲಿ ಸುಮ್ಮನೆ ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಇರುತ್ತದೆ. ಕಾಲು ಅದ್ದಿ, ಕೈ ತೊಳೆದು ಒಳಗೆ ಹೋಗಬೇಕು. ಒಂದು ಬೆಳೆ ಮುಗಿದೊಡನೆ ಚಂದ್ರಿಕೆ, ತಟ್ಟೆ, ಗೋಡೆ, ನೆಲ ಎಲ್ಲವನ್ನೂ ತೊಳೆದು ಸೋಂಕು ಕಳೆಯಬೇಕು. ಊಜಿ ನೊಣ ಬಾರದಂತೆ ಕಿಟಕಿಗೆ ಬಲೆ. ಹಾಲು ತೊಂಡೆ ರೋಗ ತಗುಲಿದ ಹುಳು ಕಂಡರೆ ಕೂಡಲೇ ಆರಿಸಿ ತೆಗೆದು ಹೂಳಬೇಕು. ಪಕ್ಕದ ಹೊಲದವರು ಕೀಟನಾಶಕ ಹೊಡೆದರೆ ಗಾಳಿಯಲ್ಲಿ ಬಂದ ಅದರ ಸೋಂಕಿಗೇ ಹುಳು ಸಾಯುತ್ತದೆ; ಹಾಗಾಗಿ ಸೊಪ್ಪಿನ ಶುದ್ಧತೆಯ ಮೊದಲ ಪರೀಕ್ಷೆಯನ್ನು ಹುಳುವೇ ಮಾಡಿಬಿಡುತ್ತದೆ. ನೂರು ಮೊಟ್ಟೆ (ಅಂದರೆ ನೂರು ಪತಂಗಗಳು ಇಟ್ಟ ಮೊಟ್ಟೆಗಳು) ಸಾಕುವ ಹೆಣ್ಣುಮಗಳು ನಲವತ್ತು ಐವತ್ತು ಸಾವಿರ ಹುಳುಗಳ ಆರೋಗ್ಯವನ್ನು ಸುಮಾರು 25 ದಿನ ಹಗಲೂ ರಾತ್ರಿ ಕಾಯುತ್ತಾಳೆ. ಈ ಶಿಸ್ತಿಗೆ ಬರವಣಿಗೆಯ ದಾಖಲೆ ಸೇರಿಸಿ, ಯಾವ ಮೊಟ್ಟೆ, ಯಾವ ತೋಟ, ಯಾವ ಸೋಂಕುನಾಶಕ, ಯಾವ ದಿನ ಎಂದು ಬರೆದಿಟ್ಟರೆ ಪತ್ತೆ ಹಚ್ಚಬಲ್ಲ ಗೂಡು ಸಿದ್ಧವಾಗುತ್ತದೆ.

ಹಳ್ಳಿಯವರು ದಾಖಲೆ ಇಡುತ್ತಾರೆಯೇ ಎಂಬ ಪ್ರಶ್ನೆಗೆ ಕೊಕ್ಕರೆ ಬೆಳ್ಳೂರು ಉತ್ತರ ಕೊಟ್ಟಿದೆ. 1990ರ ದಶಕದಲ್ಲಿ ಮೈಸೂರಿನ ಕೆ. ಮನು ಅವರ ಜೊತೆ ಸೇರಿ ಊರಿನ ಯುವಕರು ಕಟ್ಟಿದ ಹೆಜ್ಜಾರ್ಲೆ ಬಳಗ, ಮರದಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ ಬದುಕಿಸಿತು, ಹಕ್ಕಿಗಳನ್ನೂ ಅವು ಕುಳಿತ ಮರಗಳನ್ನೂ ಲೆಕ್ಕ ಇಟ್ಟಿತು. 2007ರಲ್ಲಿ ಈ ಊರು ಸಮುದಾಯ ಸಂರಕ್ಷಣಾ ಪ್ರದೇಶವಾಗುವ ಹೊತ್ತಿಗೆ ಊರಿನವರ ಬಳಿ ವರ್ಷಗಳ ಅನುಭವ ಕೂಡಿತ್ತು. ಜೀವಿಯೊಂದನ್ನು ಹತ್ತಿರದಿಂದ ನೋಡಿ ಕಾಯುವ ಜನ, ತಜ್ಞರ ಜೊತೆ ಸಮನಾಗಿ ಕೆಲಸ ಮಾಡಬಲ್ಲರು. ಹಕ್ಕಿಯ ವಿಷಯದಲ್ಲಿ ನಡೆದದ್ದು ಹುಳುವಿನ ವಿಷಯದಲ್ಲಿ ನಡೆಯದಿರಲು ಕಾರಣವಿಲ್ಲ.

ಎಚ್ಚರಿಕೆಯ ಮಾತನ್ನೂ ಆಡಲೇಬೇಕು. ನೈಸರ್ಗಿಕ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ರೇಷ್ಮೆಯ ಧೂಳಿಗೆ ಉಬ್ಬಸ ಬರುವುದನ್ನು ನೂಲಿನ ಕಾರ್ಮಿಕರು ಅನುಭವಿಸಿದ್ದಾರೆ. ಅಂಟು ಪೂರ್ತಿ ಹೋಗದ ನಾರು ದೇಹದೊಳಗೆ ಉರಿಯೂತ ತರಬಹುದು. ಅಮೆರಿಕದಲ್ಲಿ ‘ಸೆರಿ’ ಎಂಬ ರೇಷ್ಮೆಯ ಜಾಲರಿಗೆ ಮೃದು ಅಂಗಾಂಶಕ್ಕೆ ಆಸರೆ ಕೊಡಲು ಅನುಮತಿ ಇತ್ತು. ಅದನ್ನು ಅನುಮತಿಯಿಲ್ಲದ ಸ್ತನ ಶಸ್ತ್ರಚಿಕಿತ್ಸೆಗೆ ಪ್ರಚಾರ ಮಾಡಲಾಗುತ್ತಿದೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲೂ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ರೈತರ ಹಿತದ ಹೆಸರಿನಲ್ಲಿ ಈ ಪರೀಕ್ಷೆಗಳನ್ನು ಸಡಿಲಿಸಬಾರದು. ರೋಗಿಯ ಗಾಯಕ್ಕೆ ತಗುಲುವ ವಸ್ತುವಿನಲ್ಲಿ ಒಂದೇ ಒಂದು ಎಡವಟ್ಟು ಆದರೂ ಇಡೀ ಸೀಮೆಯ ಹೆಸರು ಕೆಡುತ್ತದೆ.

ಜಪಾನಿನ ಗುನ್ಮಾ ಪ್ರಾಂತ್ಯದ ಅನುಭವ ಇಲ್ಲಿ ನೋಡತಕ್ಕದ್ದು. 1872ರಲ್ಲಿ ಶುರುವಾದ ತೊಮಿಒಕಾ ನೂಲಿನ ಕಾರ್ಖಾನೆ ಅಲ್ಲಿಯದು. ಒಂದು ಕಾಲಕ್ಕೆ ಜಪಾನನ್ನು ಸಾಕಿದ ರೇಷ್ಮೆ ಅಲ್ಲಿ ಈಗ ಬೆರಳೆಣಿಕೆಯ ರೈತರಿಗೆ ಇಳಿದಿದೆ. ಉಳಿದವರನ್ನು ಕೈಬಿಡದೆ ಅಲ್ಲಿನ ಸಂಶೋಧನಾ ಸಂಸ್ಥೆಗಳು ಹುಳುವಿನಿಂದ ಔಷಧಕ್ಕೆ ಬೇಕಾದ ಪ್ರೋಟೀನು ತೆಗೆಯುವ ಕೆಲಸವನ್ನು ಬೆಳೆಸಿದವು. 2017ರಲ್ಲಿ ಗುನ್ಮಾದ ರೈತರೇ ವಂಶವಾಹಿ ಬದಲಿಸಿದ ಹುಳುಗಳನ್ನು ಸಾಕತೊಡಗಿದರು. ಅಂಥ ಹುಳು ನಮಗೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಅದಕ್ಕೆ ಅವಸರ ಬೇಡ. ಆದರೆ ಉದ್ಯಮ ಕುಸಿದ ಮೇಲೆ ಜಪಾನ್ ಹುಡುಕಿದ ದಾರಿಯನ್ನು ಉದ್ಯಮ ಜೀವಂತವಿರುವಾಗಲೇ ಹುಡುಕುವ ಅವಕಾಶ ಕರ್ನಾಟಕಕ್ಕಿದೆ.

ಮಾಡಬೇಕಾದ ಕೆಲಸ ದೊಡ್ಡ ಘೋಷಣೆಯದಲ್ಲ, ನಾಲ್ಕು ಸಣ್ಣ ಹೆಜ್ಜೆಗಳದು. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಒಪ್ಪಿ ಮುಂದೆ ಬರುವ ಬೆಳೆಗಾರರ ಒಂದು ಗುಂಪನ್ನು, ಜೊತೆಗೆ ಒಂದು ಬಿತ್ತನೆ ಕೋಠಿಯನ್ನು ಆರಿಸಿ, ಔಷಧ ದರ್ಜೆಯ ಗೂಡಿಗೆ ಮಾನದಂಡ ಬರೆಯಬೇಕು: ಕೀಟನಾಶಕದ ಉಳಿಕೆ ಎಷ್ಟು ಮೀರಬಾರದು, ಭಾರಲೋಹ ಎಷ್ಟು, ದಾಖಲೆಯಲ್ಲಿ ಏನೇನಿರಬೇಕು. ಮೈಸೂರಿನ ಕೇಂದ್ರ ಸಂಸ್ಥೆಯೂ ತಲಘಟ್ಟಪುರದ ರಾಜ್ಯ ಸಂಸ್ಥೆಯೂ ಕೂತು ಇದನ್ನು ರೂಪಿಸಬಲ್ಲವು. ಎರಡನೆಯದಾಗಿ, ಗೂಡಿನ ಮಾರುಕಟ್ಟೆಯಲ್ಲಿ ಈ ಗೂಡಿಗೆ ಬೇರೆ ಅಂಕಣ, ಪರೀಕ್ಷೆಯ ಫಲಿತಾಂಶದ ಮೇಲೆ ಬೆಲೆ, ಮೂರು ವರ್ಷಕ್ಕೆ ಕನಿಷ್ಠ ದರದ ಒಪ್ಪಂದ ಬೇಕು. ಮೂರನೆಯದಾಗಿ, ಭಾರತೀನಗರದ ಫಾರ್ಮಸಿ ಕಾಲೇಜು, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ಪ್ರೋಟೀನು ಶುದ್ಧೀಕರಣ ಕಲಿಯುವಂತಾಗಬೇಕು. ಈ ಕೆಲಸಕ್ಕೆ ಕೈಗಳು ಹೊರಗಿನಿಂದ ಬರಬೇಕಿಲ್ಲ.

ನಾಲ್ಕನೆಯದು ರೋಗಿಯ ಕಡೆಯದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಆರದೆ, ಕೊನೆಗೆ ಬೆರಳೋ ಪಾದವೋ ಹೋಗುವುದನ್ನು ಮಂಡ್ಯದ ಸರ್ಕಾರಿ ಆಸ್ಪತ್ರೆಯ ವೈದ್ಯರು ಕಾಣದ ವಾರವಿರಲಾರದು. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವವನಿಗೆ ಸಣ್ಣ ಗಾಯವೂ ದೊಡ್ಡದಾಗುತ್ತದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಈಗ ಪರವಾನಗಿ ಇರುವ ರೇಷ್ಮೆಯ ಹೊದಿಕೆಗಳನ್ನು ಮಾಮೂಲಿ ಪಟ್ಟಿಯೊಂದಿಗೆ ಹೋಲಿಸುವ ಪ್ರಾಮಾಣಿಕ ಅಧ್ಯಯನ ನಡೆಯಲಿ. ಫಲಿತಾಂಶ ಏನೇ ಬರಲಿ, ಪ್ರಕಟವಾಗಲಿ. ಗುಣ ಸಾಬೀತಾದರೆ ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಅದನ್ನು ಸಗಟಾಗಿ ಕೊಂಡು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಬರುವ ಕೂಲಿಕಾರನಿಗೂ ಉಚಿತವಾಗಿ ಸಿಗುವಂತೆ ಮಾಡಬೇಕು. ಹುಳು ಸಾಕಿದವರ ಸೀಮೆಯಲ್ಲೇ ಆ ಹೊದಿಕೆ ಬರೀ ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸುವ ವಸ್ತುವಾದರೆ ಈ ಪ್ರಯತ್ನದ ಅರ್ಧ ಉದ್ದೇಶವೇ ಹೋದಂತೆ.

ಬೇಕಾಗುವ ಹಣ ರೇಷ್ಮೆ ಇಲಾಖೆಗೆ ನಿಲುಕದಷ್ಟಿಲ್ಲ. ಬೇಕಾದ್ದು ರೇಷ್ಮೆ, ಆರೋಗ್ಯ, ವೈದ್ಯಕೀಯ ಶಿಕ್ಷಣ ಇಲಾಖೆಗಳು ಒಂದೇ ಮೇಜಿನ ಮುಂದೆ ಕೂರುವುದು. ಮುಂದಿನ ಬಜೆಟ್ಟಿಗೆ ಮೊದಲೇ ಆ ಸಭೆ ನಡೆಯಲಿ, ಬೆಳೆಗಾರರ ಪ್ರತಿನಿಧಿಗಳನ್ನೂ ಅದಕ್ಕೆ ಕರೆಯಲಿ, ಮೊದಲ ಪರೀಕ್ಷಾ ಲಾಟು ಮದ್ದೂರು–ಮಳವಳ್ಳಿಯ ಹುಳು ಮನೆಗಳಿಂದಲೇ ಹೊರಡಲಿ.